ಅವರವರ ರಹದಾರಿ ಅವರವರ ಉಡಿಯಲ್ಲಿ

ಖಾನಾಪುರದ ನಮ್ಮ ಹಿರಿಯರ ಮನೆಯ ನಡುಮನೆಯಲ್ಲಿ, ದೇವರ ಕೋಣೆಗೆ ಹೋಗುವ ಬಾಗಿಲಿನ ಎಡಮಗ್ಗುಲಿಗೆ, ಅಜ್ಜನ ಕಾಲದ ಒಂದು ಕಬ್ಬಿಣದ ಟ್ರಂಕು ಇದೆ. ಹೊಲದ ಉತಾರಗಳು, ಮಕ್ಕಳ ಜಾತಕಗಳು, ಈಗ ಮನೆಯಲ್ಲಿ ಯಾರಿಗೂ ಓದಲು ಬಾರದ ಮೋಡಿ ಲಿಪಿಯ ಎರಡು ಖರೀದಿ ಪತ್ರಗಳು, ಅವ್ವನ ಬೆಳ್ಳಿಯ ಕುಂಕುಮದ ಕರಡಿಗೆ, ಇದ್ದವರ ರೇಶನ್ ಕಾರ್ಡು, ಇಲ್ಲದವರ ಮರಣದ ದಾಖಲೆ, ಹೀಗೆ ಒಂದು ಕುಟುಂಬವು ತಾನು ಈ ಭೂಮಿಯ ಮೇಲೆ ಇದ್ದುದು ನಿಜವೆಂದು ಸರಕಾರಕ್ಕೆ ತೋರಿಸಿಕೊಡಲು ಬೇಕಾದ ಸಕಲ ಸಾಮಗ್ರಿಯೂ ಅದರಲ್ಲಿ ಅಡಗಿದೆ. ಕಳೆದ ಹದಿನೈದು ವರುಷಗಳಲ್ಲಿ ಆ ಸಾಮಗ್ರಿಗೆ ಹೊಸದೊಂದು ಗಂಟು ಬಂದು ಸೇರಿಕೊಂಡಿತು: ರಬ್ಬರ್ ಬ್ಯಾಂಡು ಸುತ್ತಿದ, ಕಡುನೀಲಿ ಹೊದಿಕೆಯ ಏಳು ಪಾಸ್‌ಪೋರ್ಟುಗಳು. ಅವುಗಳಲ್ಲಿ ಮೂರು ಹೆಂಗಸರವು, ಎರಡು ಪರವೂರಲ್ಲಿ ಓದುವ ಹುಡುಗರವು. ಟ್ರಂಕಿನ ಕೀಲಿಕೈ ಮಾತ್ರ ಒಂದೇ. ಅದು ಇರುವುದು ನಮ್ಮಣ್ಣನ ಉಡದಾರದಲ್ಲಿ.

ಈ ವ್ಯವಸ್ಥೆಯಲ್ಲಿ ಪ್ರೀತಿಯಿಲ್ಲವೆಂದು ನಾನು ಹೇಳಲಾರೆ. ಮನೆಯಲ್ಲಿ ಬೆಲೆಯುಳ್ಳದ್ದೆಲ್ಲವೂ ಹಿರಿಯನೊಬ್ಬನ ಕಾವಲಿನಲ್ಲಿ ಒಂದೇ ಎಡೆಯಲ್ಲಿ ಇರತಕ್ಕದ್ದೆಂಬ ನಮ್ಮ ಸೀಮೆಯ ಸಂಪ್ರದಾಯವು ಬರಗಾಲ, ಪ್ಲೇಗು, ದಾಯಾದಿಗಳ ವ್ಯಾಜ್ಯ ಇವೆಲ್ಲವನ್ನೂ ದಾಟಿ ಬಂದುದಾದ್ದರಿಂದ ಅದರ ಬೆನ್ನಿಗೆ ಒಂದು ವಿವೇಕವೂ ಉಂಟು. ಆದರೆ ಉತಾರವು ಹೊಲವನ್ನು ಬಿಟ್ಟು ಎಲ್ಲಿಗೂ ಹೋಗುವುದಿಲ್ಲ. ಪಾಸ್‌ಪೋರ್ಟಾದರೋ ಹುಟ್ಟಿದ್ದೇ ಮನೆ ಬಿಟ್ಟು ಹೋಗುವುದಕ್ಕಾಗಿ. ಹೊಲಮನೆಯ ಕಾಗದಕ್ಕೆ ಸಲ್ಲುವ ನೀತಿಯನ್ನು ಈ ಕಾಗದಕ್ಕೂ ಹೊಂದಿಸಹೊರಟಲ್ಲಿಯೇ ನಮ್ಮ ತೊಡಕು ಆರಂಭವಾಗುತ್ತದೆ. ಪರದೇಶದಲ್ಲಿ ಇಂಥವರ ಪಾಸ್‌ಪೋರ್ಟು ಕಳವಾಯಿತಂತೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ನಾವು ಅಲ್ಲಿಯ ಕಿಸೆಗಳ್ಳರ ಕೈಚಳಕವನ್ನು ಕುರಿತು ಮಾತಾಡತೊಡಗುತ್ತೇವೆ. ಕಳ್ಳನ ಕೈ ಸೇರುವ ಮುನ್ನ ಅದು ಯಾರ ಕೈಯಲ್ಲಿತ್ತು ಎಂದು ಕೇಳುವವರು ವಿರಳ. ನಾನು ಕೇಳಬೇಕೆಂದಿರುವುದು ಆ ಪ್ರಶ್ನೆಯನ್ನೇ.

ನಮ್ಮಜ್ಜನಿಗೆ ಪರದೇಶವೆಂಬುದು ಬಹು ದೂರದ ಸಂಗತಿಯಾಗಿರಲಿಲ್ಲ. ಖಾನಾಪುರದ ಸ್ಟೇಶನ್ನಿನಲ್ಲಿ ರೈಲು ಹತ್ತಿ, ಲೋಂಡಾ ದಾಟಿ, ಕ್ಯಾಸಲ್‌ರಾಕಿನಲ್ಲಿ ಗಂಟುಮೂಟೆಗಳನ್ನು ಬಿಚ್ಚಿ ಸುಂಕದವರಿಗೆ ತೋರಿಸಿ, ದೂಧಸಾಗರದ ನೀರಿನ ತುಂತುರು ಕಿಡಕಿಯೊಳಗೆ ಬೀಳುತ್ತಿರಲು ಘಟ್ಟವಿಳಿದು ಕುಳೆಂ ತಲುಪಿದನೆಂದರೆ ಆತನು ಪೋರ್ತುಗೀಜರ ರಾಜ್ಯದಲ್ಲಿ ಕಾಲಿಟ್ಟಂತೆಯೇ ಸರಿ. ಮಲಪ್ರಭೆ ಹುಟ್ಟುವ ಕಣಕುಂಬಿಯಾಚೆ ಕೆಲವೇ ಹರದಾರಿಗಳಲ್ಲಿ ಇನ್ನೊಂದು ಗಡಿ, ಅಲ್ಲಿಯೂ ಪರರಾಜ್ಯವೇ. 1510ರಿಂದ 1961ರ ಡಿಸೆಂಬರ್ 19ರ ತನಕ ಗೋವೆಯು ನಮಗೆ ನೆರೆಮನೆಯೂ ಹೌದು, ಸಾಗರದಾಚೆಯ ದೇಶವೂ ಹೌದು. ಐವತ್ತರ ದಶಕದಲ್ಲಿ ಬಿಕ್ಕಟ್ಟು ಬಲಿತು, ಬೆಳಗಾವಿಯು ಸತ್ಯಾಗ್ರಹಿಗಳ ಬೀಡಾದ ಹೊತ್ತಿಗೆ, ಪರವಾನಗಿಯ ಕಾಗದವಿಲ್ಲದೆ ದಾಟುವುದು ದುಸ್ತರವಾಯಿತೆಂದೂ, 1955ರ ಆಗಸ್ಟ್ 15ರಂದು ಸತ್ಯಾಗ್ರಹಿಗಳ ಮೇಲೆ ಗುಂಡು ಹಾರಿದ ತರುವಾಯ ರೈಲೂ ನಿಂತು ವ್ಯಾಪಾರವೂ ನಿಂತಿತೆಂದೂ ಅಜ್ಜನು ಹೇಳುತ್ತಿದ್ದನು. ಅಕ್ಕಿ ಮೆಣಸಿನಕಾಯಿಗಳ ಸಣ್ಣ ವ್ಯಾಪಾರ ಆತನದು. ಆ ಕಾಗದವನ್ನು ಆತನು ಮೇಣಬಟ್ಟೆಯಲ್ಲಿ ಸುತ್ತಿ, ಅಡಿಕೆ, ಸುಣ್ಣದ ಡಬ್ಬಿ, ತಂಬಾಕುಗಳ ಜೊತೆಗೆ ಚಂಚಿಯಲ್ಲಿಟ್ಟು, ಚಂಚಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದನಂತೆ. ನಾಲ್ಕು ಜನ ಕೂಡಿ ಹೊರಟರೆ ನಾಲ್ಕು ಕಾಗದಗಳು ನಾಲ್ಕು ಚಂಚಿಗಳಲ್ಲಿ. "ಒಬ್ಬನ ಚಂಚ್ಯಾಗ ಎಲ್ಲಾರ ಕಾಗದ ಇಟ್ರ, ಅವ ಬಯಲಕಡೆ ಹೋದಾಗ ರೈಲು ಬಿಟ್ರ ಏನ್ ಮಾಡ್ತಿ?" ಎಂದು ಆತನು ಕೇಳುತ್ತಿದ್ದುದು ನನಗೆ ಇಂದಿಗೂ ನೆನಪಿದೆ. ಇಂಥ ಅಜ್ಜನ ಮೊಮ್ಮಕ್ಕಳಾದ ನಾವು, ಓದಿಕೊಂಡವರು, ಏಳನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಸುತ್ತಿದೆವು.

ಪಾಸ್‌ಪೋರ್ಟಿಗೆ ನಮ್ಮ ಹಳೆಯ ದಫ್ತರಗಳಲ್ಲಿ ರಹದಾರಿ ಎಂಬ ಹೆಸರಿತ್ತು. ಪಾರಸಿಯ ಮೂಲದ ಈ ಮಾತಿನಲ್ಲಿ ದಾರಿ ಎಂಬ ಅರ್ಥವು ಮೊದಲೇ ಇದ್ದು, ಕನ್ನಡದ ಬಾಯಲ್ಲಿ ಅದರ ಕಡೆಗೂ ಒಂದು ದಾರಿ ಬಂದು ಕುಳಿತಂತೆ ಕೇಳಿಸುವುದು ನನಗೆ ಬಹಳ ಹಿಡಿಸಿದ ಆಕಸ್ಮಿಕ. ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಜಗತ್ತಿನ ಬಹುಭಾಗದಲ್ಲಿ ರಹದಾರಿಯಿಲ್ಲದೆಯೇ ಸಂಚರಿಸಬಹುದಾಗಿತ್ತು. ಅದು ಎಲ್ಲರಿಗೂ ಅನಿವಾರ್ಯವಾದದ್ದು ಆ ಯುದ್ಧದ ತರುವಾಯ, ನಮ್ಮಲ್ಲಿ ಅದನ್ನು ಕುರಿತ ಶಾಸನ ಬಂದದ್ದು 1920ರಲ್ಲಿ. ಬೆಳಗಾವಿಯ ಮರಾಠಾ ಪಲ್ಟನ್ನಿನ ಜವಾನರು ಎರಡನೆಯ ಯುದ್ಧದಲ್ಲಿ ಇಟಲಿಯ ಹೊಳೆಗಳನ್ನು ದಾಟಿದರಷ್ಟೇ. ಅವರ ಕಿಸೆಯಲ್ಲಿ ಪಾಸ್‌ಪೋರ್ಟು ಎಂಬುದೇ ಇರಲಿಲ್ಲ. ಅದೇ ಇಟಲಿಯಲ್ಲಿ ನಾವು ನಾಲ್ವರು ಅದಿಲ್ಲದೆ ಎರಡು ಹಗಲು ನಿಂತ ಬಗೆಯನ್ನು ಮುಂದೆ ಹೇಳುತ್ತೇನೆ.

ಇಂದು ಪಾಸ್‌ಪೋರ್ಟು ಪಡೆಯುವುದು ನಮ್ಮವರಿಗೆ ಮೊದಲಿನಷ್ಟು ದೂರದ ಕೆಲಸವಲ್ಲ. ಅಂಚೆ ಕಚೇರಿಗಳಲ್ಲಿಯೇ ಪಾಸ್‌ಪೋರ್ಟ್ ಸೇವಾ ಕೇಂದ್ರ ತೆರೆಯುವ ಪ್ರಯೋಗವು 2017ರ ಜನವರಿಯಲ್ಲಿ ಗುಜರಾತದ ದಾಹೋದದ ಜೊತೆಗೆ ನಮ್ಮ ಮೈಸೂರಿನಲ್ಲಿ ಮೊದಲಾಗಿ, ಕ್ರಮೇಣ ಬೆಳಗಾವಿಯ ಮುಖ್ಯ ಅಂಚೆ ಕಚೇರಿಗೂ ಬಂತು. ಹಿಂದೆ ಅದಕ್ಕಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗಿತ್ತು. ಈಗ ಯಾವ ದಿನ ಬೆಳಿಗ್ಗೆ ಹೋಗಿ ನಿಂತರೂ ಬೆಳಗಾವಿಯ ಆ ಕೇಂದ್ರದಲ್ಲಿ ಹಜ್ ಯಾತ್ರೆಗೆ ಹೊರಟ ದಂಪತಿಗಳು, ಜರ್ಮನಿಗೆ ಓದಲು ಹೊರಟ ಎಂಜಿನಿಯರಿಂಗ್ ಹುಡುಗಿ, ಕೊಲ್ಲಿಯ ದೇಶಕ್ಕೆ ವಾಹನ ನಡೆಸಲು ಹೊರಟ ಖಾನಾಪುರದ ಕಡೆಯ ತರುಣ, ಅಮೆರಿಕದಲ್ಲಿ ಮಗಳ ಬಾಣಂತನಕ್ಕೆ ಹೊರಟ ತಾಯಿ, ಇವರೆಲ್ಲರೂ ಕೈಯಲ್ಲಿ ಜೆರಾಕ್ಸಿನ ಕಟ್ಟು ಹಿಡಿದು ಕುಳಿತಿರುವುದನ್ನು ಕಾಣಬಹುದು. ಅವರವರ ದಾಖಲೆಗಳಲ್ಲಿ ಊರಿನ ಹೆಸರು ಒಂದೆಡೆ ಬೆಳಗಾಂ, 2014ರ ನವೆಂಬರ್ 1ರಿಂದ ಈಚಿನದರಲ್ಲಿ ಬೆಳಗಾವಿ; ಅಡ್ಡಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ. ಸಾಂಬ್ರಾದಿಂದ ವಿದೇಶಕ್ಕೆ ನೇರ ವಿಮಾನವಿಲ್ಲದ ಕಾರಣ ಇವರಲ್ಲಿ ಅನೇಕರು ಘಟ್ಟವಿಳಿದು ದಾಬೋಳಿಗೋ ಮೋಪಾಕ್ಕೋ ಹೋಗಿ ಅಲ್ಲಿಂದ ಹಾರುತ್ತಾರೆ. ಒಂದು ಕಾಲಕ್ಕೆ ತಾನೇ ಪರದೇಶವಾಗಿದ್ದ ಗೋವೆಯು ಈಗ ಪರದೇಶದ ಬಾಗಿಲಾಗಿದೆ.

ಇನ್ನು ಇಟಲಿಯ ಮಾತು. ಕೆಲವು ವರುಷಗಳ ಹಿಂದೆ, ಒಂದು ಮೇ ತಿಂಗಳಿನಲ್ಲಿ, ಅಣ್ಣ, ವೈನಿ, ನನ್ನ ಪತ್ನಿ, ನಾನು ನಾಲ್ವರೂ ಒಂದು ಪ್ರವಾಸಿ ತಂಡದಲ್ಲಿ ಸೇರಿ ರೋಮಿಗೆ ಹೋಗಿದ್ದೆವು. ಮನೆಯಲ್ಲಿ ಟ್ರಂಕು ವಹಿಸಿದ್ದ ಪಾತ್ರವನ್ನು ಪ್ರವಾಸದಲ್ಲಿ ಅಣ್ಣನ ಹೆಗಲಿನ ಕಂದುಬಣ್ಣದ ಚರ್ಮದ ಚೀಲವು ವಹಿಸಿತ್ತು. ಹೊರಡುವ ಮುನ್ನಾದಿನವೇ ವೈನಿ, ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಬಹು ಮೆಲುದನಿಯಲ್ಲಿ, "ನಂದು ನನ್ನ ಕಡೆ ಕೊಟ್ಟಬಿಡ್ರಿ, ನಾ ಇಟ್ಕೋತೇನಿ" ಎಂದು ಕೇಳಿದ್ದರು. "ಯಾಕ, ನನ್ನ ಮ್ಯಾಲ ಭರವಸಾ ಇಲ್ಲೇನು?" ಎಂದನು ಅಣ್ಣ. ಈ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಯಾವ ಹೆಂಗಸಿನ ಬಳಿಯೂ ಉತ್ತರವಿರುವುದಿಲ್ಲ. ನನ್ನ ಪತ್ನಿ ನನ್ನ ಮುಖವನ್ನು ನೋಡಿದಳು. ನಾನು ಆ ಹೊತ್ತಿನಲ್ಲಿ ಸಾಮಾನು ಕಟ್ಟುವುದರಲ್ಲಿ ಅತ್ಯಂತ ಮಗ್ನನಾಗಿದ್ದೆನೆಂದು ಒಪ್ಪಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ಶನಿವಾರ ಬೆಳಿಗ್ಗೆ, ಟೆರ್ಮಿನಿ ಎಂಬ ದೊಡ್ಡ ರೈಲು ನಿಲ್ದಾಣದಲ್ಲಿ, ಫ್ಲಾರೆನ್ಸಿಗೆ ಹೋಗುವ ಗಾಡಿ ಹತ್ತಿದೆವು. ಅಣ್ಣನು ಪೆಟ್ಟಿಗೆಗಳನ್ನು ಮೇಲಿನ ಹಲಗೆಗೆ ಏರಿಸುವುದಕ್ಕಾಗಿ ಚೀಲವನ್ನು ಹೆಗಲಿನಿಂದ ತೆಗೆದು ಆಸನದ ಮೇಲಿಟ್ಟನು. ಅಷ್ಟರಲ್ಲಿ ಹೊರಗಿನಿಂದ ಯಾರೋ ಕಿಡಕಿಯ ಗಾಜನ್ನು ಬಡಿದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟ, ನೋಡಿದರೆ ಶಾಲೆಯ ಮಾಸ್ತರನಂತಿದ್ದ ಒಬ್ಬ ಗೃಹಸ್ಥನು, ಪ್ಲಾಟ್‌ಫಾರ್ಮಿನ ನೆಲದ ಕಡೆಗೆ ಬೆರಳು ಮಾಡಿ, ನಿಮ್ಮದೇನೋ ಬಿದ್ದಿದೆ ನೋಡಿರಿ ಎಂಬಂತೆ ಕಳಕಳಿಯಿಂದ ಸನ್ನೆ ಮಾಡುತ್ತಿದ್ದನು. ನಾವು ನಾಲ್ವರೂ ಬಗ್ಗಿ ನೋಡಿದೆವು. ಬಿದ್ದದ್ದು ಏನೂ ಕಾಣಲಿಲ್ಲ. ಧನ್ಯವಾದ ಹೇಳೋಣವೆಂದು ತಲೆಯೆತ್ತಿದಾಗ ಆತನಿರಲಿಲ್ಲ. ತಿರುಗಿ ನೋಡಿದಾಗ ಆಸನದ ಮೇಲೆ ಚೀಲವೂ ಇರಲಿಲ್ಲ. ಎರಡನೆಯವನನ್ನು, ಚೀಲ ಒಯ್ದವನನ್ನು, ನಾವು ಯಾರೂ ಕಣ್ಣಿನಿಂದಲೂ ಕಾಣಲಿಲ್ಲ.

ಆ ಚೀಲದಲ್ಲಿ ನಾಲ್ಕು ಪಾಸ್‌ಪೋರ್ಟುಗಳಿದ್ದುವು. ಅವುಗಳೊಳಗೆ ಅಂಟಿಸಿದ ಷೆಂಗೆನ್ ವೀಸಾಗಳೂ ಅವುಗಳ ಜೊತೆಗೇ ಹೋದುವು. ಅಣ್ಣನು ಅಜಾಗರೂಕನೆಂದು ಯಾರೂ ಹೇಳುವಂತಿಲ್ಲ, ಏಕೆಂದರೆ ಪ್ರತಿಯೊಂದರ ಜೆರಾಕ್ಸು ಪ್ರತಿಯನ್ನೂ ಆತನು ತೆಗೆಸಿದ್ದನು, ಪ್ರತಿಯೊಬ್ಬರ ಎರಡೆರಡು ಭಾವಚಿತ್ರಗಳನ್ನೂ ಇಟ್ಟಿದ್ದನು. ಅವೂ ಅದೇ ಚೀಲದಲ್ಲಿದ್ದುವು. ಊರಿನ ಟ್ರಂಕಿನಲ್ಲಿ ಹಳೆಯ ಪಾಸ್‌ಪೋರ್ಟುಗಳೂ ಇನ್ನೊಂದು ಜೊತೆ ಪ್ರತಿಗಳೂ ಇದ್ದುವಲ್ಲವೆ ಎಂದು ಬೆಳಗಾವಿಯಲ್ಲಿದ್ದ ಮಗನಿಗೆ ಫೋನು ಮಾಡಿದೆವು. ಆಗ ಅಣ್ಣನ ಮುಖ ಕಪ್ಪಿಟ್ಟಿತು. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಯಂತ್ರವು ಕೂಗೀತೆಂದು ಟ್ರಂಕಿನ ಕೀಲಿಕೈಯನ್ನು ಉಡದಾರದಿಂದ ಬಿಚ್ಚಿ ಆತನು ಅದೇ ಚೀಲಕ್ಕೆ ಹಾಕಿದ್ದನು. ಮಗನು ಬೆಳಗಾವಿಯಿಂದ ಖಾನಾಪುರಕ್ಕೆ ಮೋಟಾರ್ ಸೈಕಲ್ಲಿನಲ್ಲಿ ಓಡಿ, ಬಸ್‌ಸ್ಟ್ಯಾಂಡಿನ ಹತ್ತಿರದಿಂದ ಕೀಲಿ ರಿಪೇರಿಯವನನ್ನು ಕರೆತಂದು, ಅಜ್ಜನ ಕಾಲದ ಕೀಲಿಯನ್ನು ಒಡೆಯಿಸಿ, ಒಂದೊಂದೇ ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳುಹಿಸುವ ಹೊತ್ತಿಗೆ ರೋಮಿನಲ್ಲಿ ಸಂಜೆಯಾಗಿತ್ತು.

ಅದಕ್ಕೂ ಮುನ್ನ ಪೊಲೀಸ್ ಠಾಣೆಯಲ್ಲಿ ದೂರು ಬರೆಸಿದ್ದೆವು. ಹೇಳುವವರಿಗೆ ಇಟಾಲಿಯನ್ ಬಾರದು, ಬರೆದುಕೊಳ್ಳುವವರಿಗೆ ಇಂಗ್ಲಿಷು ಅಷ್ಟಕ್ಕಷ್ಟೇ. ಆದರೂ ಮೊಹರು ಹಾಕಿದ ಒಂದು ಕಾಗದವನ್ನು ಕೈಗೆ ಕೊಟ್ಟರು. ಆ ಕಾಗದವಿಲ್ಲದೆ ಮುಂದಿನ ಯಾವ ಹೆಜ್ಜೆಯೂ ಇಲ್ಲ. ರಾಯಭಾರ ಕಚೇರಿಯ ಕೆಲಸ ಸೋಮವಾರಕ್ಕೆ. ತಂಡವು ಫ್ಲಾರೆನ್ಸಿಗೂ ವೆನಿಸಿಗೂ ಹೋಯಿತು. ನಾವು ನಾಲ್ವರು, ಯಾವ ದೇಶದವರೆಂಬುದಕ್ಕೆ ನಮ್ಮ ಬಾಯಿಮಾತಲ್ಲದೆ ಬೇರೆ ಸಾಕ್ಷಿಯಿಲ್ಲದವರಾಗಿ, ಎರಡು ಹಗಲು ಒಂದು ಸಣ್ಣ ಹೊಟೇಲಿನಲ್ಲಿ ಕುಳಿತೆವು. ಸೋಮವಾರ, ಟೆರ್ಮಿನಿಯಿಂದ ನಡೆದುಹೋಗುವಷ್ಟೇ ದೂರದಲ್ಲಿರುವ ನಮ್ಮ ರಾಯಭಾರ ಕಚೇರಿಯಲ್ಲಿ ದೂರಿನ ಪ್ರತಿ, ಹಳೆಯ ಪಾಸ್‌ಪೋರ್ಟಿನ ಫೋಟೋ, ಹೊಸದಾಗಿ ತೆಗೆಸಿದ ಭಾವಚಿತ್ರಗಳು ಇವನ್ನೆಲ್ಲ ಒಪ್ಪಿಸಿದೆವು. ನಮಗೆ ಬೇಕಾದದ್ದು ತುರ್ತು ಪ್ರಮಾಣಪತ್ರ. ಅದು ಪಾಸ್‌ಪೋರ್ಟಲ್ಲ, ಸ್ವದೇಶಕ್ಕೆ ಒಂದೇ ಸಲ, ಒಂದೇ ದಿಕ್ಕಿನಲ್ಲಿ ಮರಳುವುದಕ್ಕೆ ಕೊಡುವ ಕಾಗದ. ಅದನ್ನು ಹಿಡಿದು ವೆನಿಸ್ಸು ನೋಡಿಬರುತ್ತೇನೆಂದು ಹೊರಡುವಂತಿಲ್ಲ. ಮುಂಬಯಿಯಲ್ಲಿ ಇಳಿದೊಡನೆ ಇಮಿಗ್ರೇಶನ್ನಿನವರು ಅದನ್ನೂ ತೆಗೆದುಕೊಂಡರು. ಮರಳಿ ಪಾಸ್‌ಪೋರ್ಟು ಮಾಡಿಸುವಾಗ, ಸಾಧಾರಣವಾಗಿ 36 ಪುಟದ ಪುಸ್ತಿಕೆಗೆ 1500 ರೂಪಾಯಿ ತೆರುವಲ್ಲಿ, ಕಳೆದುದಕ್ಕೆ ಬದಲಿಯೆಂದು ಒಬ್ಬೊಬ್ಬರಿಗೆ 3000ದಂತೆ ತೆತ್ತೆವು.

ದುಡ್ಡಿನ ಮಾತು ಹಾಗಿರಲಿ. ಹೊಟೇಲಿನ ಆ ಎರಡು ಹಗಲುಗಳಲ್ಲಿ ವೈನಿಯವರು ಅಣ್ಣನನ್ನು ಒಂದು ಮಾತೂ ಆಡಲಿಲ್ಲ. ಎರಡನೆಯ ದಿನ ಸಂಜೆ, ಕಿಡಕಿಯ ಬಳಿ ಕುಳಿತು, ತಮ್ಮ ಕುಬಸದೊಳಗಿನಿಂದ ಒಂದು ಸಣ್ಣ ಬಟ್ಟೆಯ ಸಂಚಿಯನ್ನು ತೆಗೆದು ಬಿಚ್ಚಿದರು. ಅದರಲ್ಲಿ ಮಡಿಚಿಟ್ಟ ಯೂರೋ ನೋಟುಗಳಿದ್ದುವು, ಮಗನು ಬರೆದುಕೊಟ್ಟಿದ್ದ ಫೋನು ನಂಬರುಗಳ ಚೀಟಿಯಿತ್ತು, ಯಲ್ಲಮ್ಮನ ಗುಡ್ಡದ ಭಂಡಾರದ ಪೊಟ್ಟಣವಿತ್ತು. ನಮ್ಮ ನಾಲ್ವರ ಬಳಿ ಉಳಿದಿದ್ದ ರೊಕ್ಕ ಅದೊಂದೇ. ಊಟ ಮಾಡಿದ್ದು ಅದರಿಂದಲೇ. ಪಾಸ್‌ಪೋರ್ಟು ಆ ಸಂಚಿಯಲ್ಲಿ ಇದ್ದಿದ್ದರೆ ಎಂದು ಬಾಯಿಬಿಟ್ಟು ಹೇಳುವ ಅಗತ್ಯ ಅವರಿಗೂ ಇರಲಿಲ್ಲ, ಕೇಳುವ ಧೈರ್ಯ ನಮಗೂ ಇರಲಿಲ್ಲ.

ಈಗ ನನ್ನ ವಾದವನ್ನು ನೇರವಾಗಿ ಇಡುತ್ತೇನೆ. ಪಾಸ್‌ಪೋರ್ಟು ಮನೆಯ ಯಜಮಾನನ ಸೊತ್ತಲ್ಲ. 1967ರ ಪಾಸ್‌ಪೋರ್ಟ್ ಅಧಿನಿಯಮದ 17ನೆಯ ಕಲಮಿನಂತೆ ಅದು ಸದಾಕಾಲವೂ ಕೇಂದ್ರ ಸರಕಾರದ ಸೊತ್ತು. ಯಾರ ಹೆಸರು ಅದರಲ್ಲಿದೆಯೋ ಅವರೂ ಅದರ ಒಡೆಯರಲ್ಲ, ಧಾರಕರು ಮಾತ್ರ. ಅದೇ ವರುಷ ಸರ್ವೋಚ್ಚ ನ್ಯಾಯಾಲಯವು ವಿದೇಶಕ್ಕೆ ಹೋಗುವ ಹಕ್ಕು ವ್ಯಕ್ತಿಸ್ವಾತಂತ್ರ್ಯದ ಅಂಗವೆಂದು ತೀರ್ಪಿತ್ತಿತು. ಆ ತೀರ್ಪಿನ ಬೆನ್ನಿಗೇ ಈ ಅಧಿನಿಯಮ ಬಂತು. 1978ರಲ್ಲಿ ಮೇನಕಾ ಗಾಂಧಿಯವರ ಮೊಕದ್ದಮೆಯಲ್ಲಿ, ಕಾರಣ ಹೇಳದೆ ಪಾಸ್‌ಪೋರ್ಟನ್ನು ಕಿತ್ತುಕೊಳ್ಳುವುದು ಸರಕಾರಕ್ಕೂ ಸಲ್ಲದೆಂಬ ವಿಚಾರ ಗಟ್ಟಿಯಾಯಿತು. 2008ರಲ್ಲಿ ಅದೇ ನ್ಯಾಯಾಲಯವು, ಅದನ್ನು ಮುಟ್ಟುಗೋಲು ಹಾಕಿ ಇಟ್ಟುಕೊಳ್ಳುವ ಅಧಿಕಾರ ಪಾಸ್‌ಪೋರ್ಟ್ ಅಧಿಕಾರಿಗಷ್ಟೇ ಉಂಟು, ಪೊಲೀಸರಿಗಿಲ್ಲ, ಎಂದು ಹೇಳಿತು. ಪೊಲೀಸರಿಗೇ ಇಲ್ಲದ ಅಧಿಕಾರವನ್ನು ಅಣ್ಣಂದಿರೂ ಗಂಡಂದಿರೂ ಟೂರಿನ ಮ್ಯಾನೇಜರರೂ ನಿಶ್ಚಿಂತೆಯಿಂದ ಚಲಾಯಿಸುತ್ತ ಬಂದಿರುವುದು ನಮ್ಮ ಸಮಾಜದ ವಿನೋದಗಳಲ್ಲೊಂದು.

ಟೂರಿನ ಮ್ಯಾನೇಜರರ ಸಂಗತಿಯನ್ನು ತುಸು ಹೇಳಬೇಕು. ರಾತ್ರಿ ಹೊಟೇಲು ಸೇರಿದೊಡನೆ ಪ್ಲಾಸ್ಟಿಕ್ಕಿನ ಚೀಲವೊಂದನ್ನು ಹಿಡಿದು, "ಎಲ್ಲಾರೂ ಪಾಸ್‌ಪೋರ್ಟ್ ಕೊಡ್ರಿ, ನನ್ನ ಕಡೆ ಸೇಫ್ ಇರ್ತಾವು" ಎಂದು ಮೂವತ್ತು ನಲ್ವತ್ತು ಪಾಸ್‌ಪೋರ್ಟುಗಳನ್ನು ಒಟ್ಟುಗೂಡಿಸುವ ಪದ್ಧತಿ ಕೆಲವರಲ್ಲಿ ಇದೆ. ಹೊಟೇಲಿನವರು ನೋಂದಣಿಗಾಗಿ ಕೇಳುವುದು ನ್ಯಾಯವೇ; ಇಟಲಿಯಲ್ಲಿ ತಂಗುವವರ ವಿವರವನ್ನು ಪೊಲೀಸರಿಗೆ ತಿಳಿಸಬೇಕೆಂಬ ನಿಯಮವೇ ಇದೆ. ಹಾಗಿದ್ದಲ್ಲಿ ಎದುರಿಗೆ ನಿಂತು, ಬರೆದುಕೊಂಡ ಮೇಲೆ ಮರಳಿ ಪಡೆದುಕೊಂಡೇ ಕೋಣೆಗೆ ಹೋಗತಕ್ಕದ್ದು. ಕಳ್ಳನ ದೃಷ್ಟಿಯಿಂದ ನೋಡಿದರೆ ನಲ್ವತ್ತು ಪಾಸ್‌ಪೋರ್ಟುಗಳಿರುವ ಒಂದು ಪ್ಲಾಸ್ಟಿಕ್ ಚೀಲಕ್ಕಿಂತ ಪುಣ್ಯಕರವಾದ ವಸ್ತು ಬೇರೊಂದಿಲ್ಲ. ನಮ್ಮ ಊರುಗಳಿಂದ ಪ್ರವಾಸ ಹೊರಡಿಸುವವರು ಈ ಪದ್ಧತಿಯನ್ನು ಬಿಡಬೇಕು; ಅವರು ಬಿಡದಿದ್ದರೆ ಕೊಡುವವರು ಕೊಡಬಾರದು.

ಒತ್ತೆಯಿಡುವುದಂತೂ ಇನ್ನೂ ಕೆಟ್ಟದ್ದು. 2014ರ ಮಾರ್ಚಿನಲ್ಲಿ ಮಲೇಶಿಯಾದ ಎಂಎಚ್ 370 ವಿಮಾನವು ಕಣ್ಮರೆಯಾದಾಗ, ಅದರಲ್ಲಿದ್ದ ಇಬ್ಬರು ಕದ್ದ ಪಾಸ್‌ಪೋರ್ಟುಗಳ ಮೇಲೆ ಹತ್ತಿದವರೆಂದು ಲೋಕಕ್ಕೆ ಗೊತ್ತಾಯಿತು. ವಿಮಾನದ ದುರ್ಗತಿಗೆ ಅವರು ಕಾರಣರಲ್ಲವೆಂದು ಬೇಗನೆ ತಿಳಿದುಬಂತು; ಯುರೋಪಿನಲ್ಲಿ ಆಶ್ರಯ ಹುಡುಕಿ ಹೊರಟ ಇರಾಣದ ತರುಣರು ಅವರು. ಒಂದು ಪಾಸ್‌ಪೋರ್ಟು ಆಸ್ಟ್ರಿಯದವನದು, ಇನ್ನೊಂದು ಇಟಲಿಯವನದು. ಎರಡೂ ಅದಕ್ಕೆ ಮುಂಚಿನ ಎರಡು ವರುಷಗಳಲ್ಲಿ ಥಾಯ್ಲೆಂಡಿನಲ್ಲಿ ಕಳೆದುಹೋದುವು. ಇಟಲಿಯವನು ಫುಕೆಟ್ಟಿನಲ್ಲಿ ಬಾಡಿಗೆಯ ಮೋಟಾರ್ ಸೈಕಲ್ಲಿಗಾಗಿ ಪಾಸ್‌ಪೋರ್ಟನ್ನು ಅಂಗಡಿಯವನ ಬಳಿ ಒತ್ತೆಯಿಟ್ಟಿದ್ದನಂತೆ. ಬಂಡಿ ಮರಳಿಸಲು ಹೋದಾಗ, ನಿಮ್ಮಂತೆಯೇ ಕಾಣುವ ಇನ್ನೊಬ್ಬರಿಗೆ ಕೊಟ್ಟುಬಿಟ್ಟೆವು ಎಂದರಂತೆ. ಯಾರೂ ಕಿಸೆಗೆ ಕೈಹಾಕಲಿಲ್ಲ. ಆತನೇ ಕೈಯೆತ್ತಿ ಕೊಟ್ಟದ್ದು. ಕಳುವಾದ ರಹದಾರಿಗಳ ಪಟ್ಟಿಯೊಂದನ್ನು ಇಂಟರ್‌ಪೋಲ್ 2002ರಿಂದಲೂ ಇಟ್ಟಿದೆ, ಈ ಎರಡೂ ಅದರಲ್ಲಿ ದಾಖಲಾಗಿದ್ದುವು. ಆದರೆ ಹತ್ತಿಸಿಕೊಂಡ ದಿನ ಆ ಪಟ್ಟಿಯನ್ನು ಯಾರೂ ತೆರೆದು ನೋಡಿರಲಿಲ್ಲ. ಥಾಯ್ಲೆಂಡು, ವಿಯೆಟ್ನಾಮುಗಳಿಗೆ ಈಗ ಬೆಳಗಾವಿಯ ತರುಣರು ಗುಂಪುಗುಂಪಾಗಿ ಹೋಗುತ್ತಿದ್ದಾರೆ. ಗಾಡಿ ಬಾಡಿಗೆಯವನಿಗೆ ನಗದು ಠೇವಣಿ ಇಡಿರಿ, ಪ್ರತಿ ಕೊಡಿರಿ. ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಿರಿ. ತಮ್ಮದಲ್ಲದ, ಸರಕಾರದ ಸೊತ್ತನ್ನು ಅಡವಿಡುವ ಹಕ್ಕು ಯಾರಿಗೂ ಇಲ್ಲ.

ಕೊಲ್ಲಿಯ ದೇಶಗಳಿಗೆ ದುಡಿಯಲು ಹೋಗುವವರ ಸಂಗತಿ ಇದೆಲ್ಲಕ್ಕಿಂತ ಗಂಭೀರ. ಅಲ್ಲಿ ಪಾಸ್‌ಪೋರ್ಟನ್ನು ಕಸಿಯುವವನು ಬೀದಿಯ ಕಳ್ಳನಲ್ಲ. ಕೆಲಸ ಕೊಟ್ಟವನು, ಮುಖದಲ್ಲಿ ನಗೆ ತುಂಬಿಕೊಂಡು, ಮೊದಲ ದಿನವೇ, ನಮ್ಮ ಕಪಾಟಿನಲ್ಲಿ ಭದ್ರವಾಗಿರುತ್ತದೆಂದು ಹೇಳಿ ತೆಗೆದುಕೊಳ್ಳುತ್ತಾನೆ. ನಮ್ಮ ಹುಡುಗನಿಗೆ ಆ ಮಾತು ಮನೆಯ ಅಣ್ಣನ ಮಾತಿನಂತೆಯೇ ಕೇಳಿಸುತ್ತದೆ. ಚಿಕ್ಕಂದಿನಿಂದಲೂ ಹಿರಿಯರ ಕಪಾಟಿಗೆ ಒಪ್ಪಿಸಿ ಅಭ್ಯಾಸವಾದವನು ಅಲ್ಲಿಯೂ ಒಪ್ಪಿಸುತ್ತಾನೆ. ಮುಂದೆ ತಾಯಿ ತೀರಿಕೊಂಡಳೆಂದು ಊರಿಗೆ ಹೊರಡಬೇಕೆಂದಾಗಲೂ, ಸಂಬಳ ಬರಲಿಲ್ಲವೆಂದು ಬೇರೆ ಕೆಲಸ ನೋಡಬೇಕೆಂದಾಗಲೂ ಆ ಕಪಾಟಿನ ಕೀಲಿಕೈ ಪರರ ಕೈಯಲ್ಲಿ. ಇದು ಅಲ್ಲಿಯ ಕಾನೂನಿಗೂ ಒಪ್ಪಿಗೆಯಾದುದಲ್ಲ: ಕುವೈತಿನಲ್ಲಿ 2010ರ ಆಜ್ಞೆಯೊಂದು ಇದನ್ನು ನಿಷೇಧಿಸಿದೆ, ಕತಾರದ 2015ರ ಕಾನೂನಿನಲ್ಲಿ ನೌಕರನ ಪಾಸ್‌ಪೋರ್ಟನ್ನು ಇಟ್ಟುಕೊಂಡ ಮಾಲೀಕನಿಗೆ 25,000 ರಿಯಾಲುಗಳ ತನಕ ದಂಡವುಂಟು. ವೀಸಾ ಮುದ್ರೆಗಾಗಿ ಕೆಲವು ದಿನ ಕೇಳಿದರೆ ಕೊಡುವುದು ತಪ್ಪಲ್ಲ. ಕೊಟ್ಟ ದಿನಾಂಕವನ್ನು ಬರೆದಿಟ್ಟು, ಮುದ್ರೆಯಾದೊಡನೆ ಮರಳಿ ಕೇಳಬೇಕು, ಕೊಡದಿದ್ದರೆ ನಮ್ಮ ದೂತಾವಾಸಕ್ಕೆ ತಿಳಿಸಬೇಕು. ಹತ್ತನೆಯ ಇಯತ್ತೆ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ವಲಸೆಯ ಅನುಮತಿ ಬೇಕೆಂಬ ಮುದ್ರೆ ಇರುವುದು ಇಂಥವರ ರಕ್ಷಣೆಗಾಗಿಯೇ, 1983ರ ಅಧಿನಿಯಮದ ಮೇರೆಗೆ. ಆ ಮುದ್ರೆಯ ಅರ್ಥವೇನೆಂದು ಹೋಗುವವನಿಗೆ ಕೂಡಿಸಿಕೊಂಡು ಹೇಳುವ ಏಜಂಟನನ್ನು ನಾನಿನ್ನೂ ಕಾಣಬೇಕಾಗಿದೆ.

ಇನ್ನುಳಿದ ಎಚ್ಚರಿಕೆಗಳು ಬಲ್ಲವರಿಗೆ ಹೊಸವಲ್ಲ. ಬೇಗನೆ ಹೇಳಿ ಮುಗಿಸುತ್ತೇನೆ. ಪಾಸ್‌ಪೋರ್ಟನ್ನು ಹೆಗಲಚೀಲದಲ್ಲಾಗಲಿ ಪ್ಯಾಂಟಿನ ಹಿಂಗಿಸೆಯಲ್ಲಾಗಲಿ ಇಡಲಾಗದು. ಖಡೇಬಜಾರದ ಯಾವ ದರ್ಜಿಯೂ ಅಂಗಿಯ ಕೆಳಗೆ ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಅರಿವೆಯ ಸಂಚಿಯನ್ನು ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾನೆ. ವಿಮಾನ ನಿಲ್ದಾಣದ ಅಂಗಡಿಯ ಬೆಲೆಯುಳ್ಳ ಪಟ್ಟಿಗಿಂತ ಅದು ಮೇಲು. ಹೊಟೇಲಿನಲ್ಲಿ ಬಿಟ್ಟು ಹೋಗುವುದೋ ಮೈಮೇಲೆ ಇಟ್ಟುಕೊಳ್ಳುವುದೋ ಎಂಬ ವಿವಾದ ಬಗೆಹರಿಯತಕ್ಕದ್ದಲ್ಲ: ಕೋಣೆಯಲ್ಲಿ ಕೀಲಿಯ ಪೆಟ್ಟಿಗೆಯಿದ್ದರೆ ಅಲ್ಲಿಡಬಹುದು, ಆದರೆ ಜಪಾನಿನಲ್ಲಿ ಪ್ರವಾಸಿಯು ಅದನ್ನು ಸದಾ ಮೈಮೇಲೆ ಇಟ್ಟುಕೊಂಡಿರಬೇಕೆಂಬುದೇ ಕಾನೂನು. ಬೀದಿಯಲ್ಲಿ ಸಾದಾ ಉಡುಪಿನವನೊಬ್ಬನು ಪೊಲೀಸನೆಂದು ಹೇಳಿಕೊಂಡು ಪಾಸ್‌ಪೋರ್ಟು ಕೇಳಿದರೆ, ಠಾಣೆಗೆ ಹೋಗೋಣ ನಡೆಯಿರಿ ಎನ್ನಬೇಕು. ಕಪಟಿಯಾದರೆ ಅಲ್ಲಿಗೇ ಕರಗುತ್ತಾನೆ. ಮೊದಲ ಪುಟ, ಕಡೆಯ ಪುಟ, ವೀಸಾ ಪುಟ ಈ ಮೂರರ ಪ್ರತಿಗಳು ಇನ್ನೊಬ್ಬರ ಪೆಟ್ಟಿಗೆಯಲ್ಲಿ ಒಂದು ಜೊತೆ, ಊರಲ್ಲಿ ಒಂದು ಜೊತೆ, ಮಿಂಚಂಚೆಯಲ್ಲಿ ಒಂದು ಜೊತೆ ಇರಲಿ. ಹೊರಡುವ ಸಂಭ್ರಮದಲ್ಲಿ ಪಾಸ್‌ಪೋರ್ಟನ್ನು ತೆರೆದು ಹಿಡಿದು ಫೋಟೋ ತೆಗೆಸಿ ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕುವುದು ಮನೆಯ ಕೀಲಿಕೈಯನ್ನು ಸಂತೆಯಲ್ಲಿ ನೇತುಹಾಕಿದಂತೆ. ಮತ್ತೊಂದು ಮಾತು, ಬಹಳ ಜನ ತಿಳಿಯದದ್ದು: ಕಳೆಯಿತೆಂದು ದೂರು ಕೊಟ್ಟು ರದ್ದಾದ ಪಾಸ್‌ಪೋರ್ಟು ಆಮೇಲೆ ಪೆಟ್ಟಿಗೆಯ ತಳದಲ್ಲಿಯೇ ಸಿಕ್ಕಿತೆನ್ನಿರಿ, ಅದನ್ನು ಹಿಡಿದು ಹೊರಡಬಾರದು. ಪಟ್ಟಿಯಲ್ಲಿ ಅದು ಕಳವಿನ ಮಾಲು. ಹಿಡಿದವರು ನೀವೇ ಆದರೂ ಗಡಿಯಲ್ಲಿ ನಿಲ್ಲಿಸುತ್ತಾರೆ.

ನಂಬರನ್ನು ಬಾಯಿಪಾಠ ಮಾಡಿಕೊಳ್ಳುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹೆಚ್ಚಾಗಿ ಮರೆತುಹೋಗುವ ಕೆಲಸ. ನಮ್ಮ ದೇಶದ ಪಾಸ್‌ಪೋರ್ಟಿನ ನಂಬರೆಂದರೆ ಒಂದು ಇಂಗ್ಲಿಷ್ ಅಕ್ಷರ, ಏಳು ಅಂಕಿ, ಅಷ್ಟೇ. ರೋಮಿನ ಠಾಣೆಯಲ್ಲಿ ಪೊಲೀಸನು ಅದನ್ನು ಕೇಳಿದಾಗ ನಾವು ನಾಲ್ವರಲ್ಲಿ ಒಬ್ಬರೂ ಬಾಯಿ ತೆರೆಯಲಿಲ್ಲ. ಮೂವರು ಪದವೀಧರರು, ಅವರಲ್ಲಿ ಒಬ್ಬನು ಮೂವತ್ತು ವರುಷ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದವನು, ಅಂದರೆ ನಾನು.

ಹೊಸ ಪಾಸ್‌ಪೋರ್ಟುಗಳು ಅಂಚೆಯಲ್ಲಿ ಬಂದ ದಿನ ನಾನು ಖಾನಾಪುರದಲ್ಲಿಯೇ ಇದ್ದೆ. ವೈನಿಯವರು ಲಕೋಟೆಯನ್ನು ತಾವೇ ಸಹಿ ಮಾಡಿ ಇಸಿದುಕೊಂಡು, ಒಲೆಯ ಮುಂದೆ ಕುಳಿತು, ರೊಟ್ಟಿ ಬಡಿಯುತ್ತ ಬಡಿಯುತ್ತ, ಬೀಸುವ ಕಲ್ಲಿನ ಹಾಡಿನ ಧಾಟಿಯಲ್ಲಿ ಆ ಅಕ್ಷರವನ್ನೂ ಏಳು ಅಂಕಿಗಳನ್ನೂ ಹೇಳಿಕೊಳ್ಳುತ್ತಿದ್ದರು. ಮೂರನೆಯ ರೊಟ್ಟಿಗೆ ಬಾಯಿಪಾಠವಾಗಿತ್ತು. ಕಳೆದ ದೀಪಾವಳಿಗೆ ಹೋದಾಗ ನಡುಮನೆಯ ಟ್ರಂಕಿಗೆ ಹೊಸ ಕೀಲಿ ಬಿದ್ದಿತ್ತು. ಅಣ್ಣನು ಯಾವುದೋ ಉತಾರಕ್ಕಾಗಿ ಅದನ್ನು ತೆರೆದನು. ರಬ್ಬರ್ ಬ್ಯಾಂಡಿನ ಗಂಟು ಇದ್ದ ಎಡೆಯಲ್ಲಿ ಅವನದೊಂದು ಪಾಸ್‌ಪೋರ್ಟು ಮಾತ್ರ ಬಿದ್ದುಕೊಂಡಿತ್ತು. ಉಳಿದವೆಲ್ಲಿ ಎಂದು ಕೇಳಿದೆ. "ಅವರವರದು ಅವರವರ ಕಡೆ" ಎಂದವನು, ಸ್ವಲ್ಪ ತಡೆದು, ದನಿ ತಗ್ಗಿಸಿ, "ನಿಮ್ಮ ವೈನಿದು ಎಲ್ಲಿ ಇಟ್ಟಾಳೋ, ನನಗೂ ಹೇಳವಲ್ಲಳು" ಎಂದನು.